ವರದಕ್ಷಿಣೆ ಸಾವು: ಆರೋಪ ರುಜುವಾತು ಹೇಗೆ? ಖುಲಾಸೆಯಾದರೆ ಮುಂದೇನು?

ಹೂವಿನಹಡಗಲಿ: ಮದುವೆಯಾಗಿ ಏಳು ವರ್ಷ ತುಂಬುವ ಮುನ್ನವೇ ಗೃಹಿಣಿಯೊಬ್ಬಳು ಗಂಡನ ಮನೆಯಲ್ಲಿ ಸುಟ್ಟ ಗಾಯದಿಂದಲೋ, ನೇಣಿನಿಂದಲೋ, ವಿಷದಿಂದಲೋ ಮೃತಪಟ್ಟರೆ ಕಾನೂನು ಅದನ್ನು ಸಾಮಾನ್ಯ ಸಾವೆಂದು ಬಿಟ್ಟುಬಿಡುವುದಿಲ್ಲ. ದೂರು ದಾಖಲಾಗುತ್ತದೆ, ಬಂಧನವಾಗುತ್ತದೆ, ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿಯೂ ಬರುತ್ತದೆ. ಆದರೆ ಕೆಲವು ವರ್ಷಗಳ ಬಳಿಕ ‘ಸಾಕ್ಷ್ಯಾಧಾರಗಳ ಕೊರತೆಯಿಂದ ಆರೋಪಿಗಳ ಖುಲಾಸೆ’ ಎಂಬ ಸುದ್ದಿ ಬಂದಾಗ ತವರಿನವರು ದಿಕ್ಕು ತೋಚದೆ ನಿಲ್ಲುತ್ತಾರೆ. ಕಾನೂನು ಇಷ್ಟು ಬಿಗಿಯಾಗಿದ್ದರೂ ಆರೋಪ ಏಕೆ ಬಿದ್ದುಹೋಯಿತು, ಇನ್ನು ಮುಂದೆ ದಾರಿ ಇದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವ ಯತ್ನ ಇಲ್ಲಿದೆ.

ತುಂಗಭದ್ರೆಯ ದಡದ ಮಾಗಳದಂಥ ಊರಿನಿಂದ ಹೊರಡುವ ಇಂಥ ಮೊಕದ್ದಮೆ ಹತ್ತಬೇಕಾದ ಮೆಟ್ಟಿಲುಗಳು ಬಹಳ. ಪೊಲೀಸ್ ಠಾಣೆ, ತಹಶೀಲ್ದಾರರ ಶವ ಪಂಚನಾಮೆ, ಮರಣೋತ್ತರ ಪರೀಕ್ಷೆ, ಹಡಗಲಿಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯ, ಅಲ್ಲಿಂದ ಸತ್ರ ನ್ಯಾಯಾಲಯ, ಮೇಲ್ಮನವಿಯಾದರೆ ಧಾರವಾಡದ ಹೈಕೋರ್ಟ್ ಪೀಠ, ಕಡೆಗೆ ದೆಹಲಿ. ಈ ದೀರ್ಘ ದಾರಿಯಲ್ಲಿ ಪ್ರಕರಣದ ಹಣೆಬರಹ ನಿರ್ಧಾರವಾಗುವುದು ಬಹುಮಟ್ಟಿಗೆ ಮೊದಲ ಎರಡು ಮೆಟ್ಟಿಲುಗಳಲ್ಲೇ ಎಂಬುದು ತೀರ್ಪುಗಳನ್ನು ಓದಿದವರಿಗೆ ಗೊತ್ತಾಗುವ ಸಂಗತಿ.

<b>ಕಾನೂನು ಬಂದ ಬಗೆ</b>

ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಜಾರಿಗೆ ಬಂದಿತ್ತಾದರೂ ಅದು ಕೊಡು-ಕೊಳ್ಳುವಿಕೆಯನ್ನು ಅಪರಾಧವೆಂದಿತೇ ಹೊರತು ಸಾವಿನ ಬಗ್ಗೆ ಏನನ್ನೂ ಹೇಳಿರಲಿಲ್ಲ. ಎಪ್ಪತ್ತು ಮತ್ತು ಎಂಬತ್ತರ ದಶಕದಲ್ಲಿ ‘ಸ್ಟೌ ಸಿಡಿದು ಸಾವು’ ಎಂಬ ವರದಿಗಳು ಹೆಚ್ಚಿದಾಗ ದೇಶದ ಮಹಿಳಾ ಸಂಘಟನೆಗಳು ಬೀದಿಗಿಳಿದವು. 1983ರಲ್ಲಿ ಭಾರತೀಯ ದಂಡ ಸಂಹಿತೆಗೆ ಗಂಡ ಮತ್ತು ಆತನ ಸಂಬಂಧಿಕರ ಕ್ರೌರ್ಯವನ್ನು ಶಿಕ್ಷಿಸುವ 498-ಎ ಕಲಂ ಸೇರಿತು. ಅದೇ ವರ್ಷ ಕಾನೂನು ಆಯೋಗ ತನ್ನ 91ನೇ ವರದಿಯಲ್ಲಿ ವರದಕ್ಷಿಣೆ ಸಾವನ್ನು ಪ್ರತ್ಯೇಕ ಅಪರಾಧವಾಗಿಸಲು ಶಿಫಾರಸು ಮಾಡಿತು. ಅದರ ಫಲವಾಗಿ 1986ರ ನವೆಂಬರ್ 19ರಿಂದ 304-ಬಿ ಕಲಂ ಜಾರಿಗೆ ಬಂತು. ಶಿಕ್ಷೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ.

2024ರ ಜುಲೈ 1ರಿಂದ ಹಳೆಯ ಸಂಹಿತೆಗಳ ಬದಲು ಹೊಸವು ಬಂದಿವೆ. ವರದಕ್ಷಿಣೆ ಸಾವು ಈಗ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಂ. ಕ್ರೌರ್ಯ 85 ಮತ್ತು 86ನೇ ಕಲಂ. ಅಂಕಿ ಬದಲಾಗಿದೆ, ತಿರುಳು ಬದಲಾಗಿಲ್ಲ. ಆ ದಿನಾಂಕಕ್ಕಿಂತ ಮೊದಲು ನಡೆದ ಅಪರಾಧಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯವಾಗುವುದರಿಂದ 304-ಬಿ ಎಂಬ ಹೆಸರು ನ್ಯಾಯಾಲಯಗಳಲ್ಲಿ ಇನ್ನೂ ಹಲವು ವರ್ಷ ಕೇಳಿಬರಲಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ದೇಶದಾದ್ಯಂತ ದಾಖಲಾದ ಇಂಥ ಪ್ರಕರಣಗಳ ಸಂಖ್ಯೆ ಆರು ಸಾವಿರಕ್ಕೂ ಹೆಚ್ಚು.

<b>ಅಭಿಯೋಜನೆ ಸಾಬೀತುಪಡಿಸಬೇಕಾದದ್ದು</b>

‘ವರದಕ್ಷಿಣೆ ಸಾವಿನಲ್ಲಿ ಆರೋಪಿಯೇ ತಾನು ನಿರಪರಾಧಿ ಎಂದು ತೋರಿಸಬೇಕು’ ಎಂಬ ಮಾತು ಜನಜನಿತ. ಇದು ಅರ್ಧ ಸತ್ಯ. ಸಾಕ್ಷ್ಯ ಅಧಿನಿಯಮದ 113-ಬಿ ಕಲಂ (ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 118) ಪ್ರಕಾರ ನ್ಯಾಯಾಲಯವು ಆರೋಪಿಯೇ ಸಾವಿಗೆ ಕಾರಣನೆಂದು ಭಾವಿಸಲೇಬೇಕು ಎಂಬುದು ನಿಜ. ಆದರೆ ಆ ಪೂರ್ವಭಾವನೆ ತಾನಾಗಿ ಹುಟ್ಟುವುದಿಲ್ಲ. ಅದಕ್ಕೆ ಮೊದಲು ಅಭಿಯೋಜನೆ ಕೆಲವು ಸಂಗತಿಗಳನ್ನು ರುಜುವಾತುಪಡಿಸಬೇಕು. ಸಾವು ಮದುವೆಯ ಏಳು ವರ್ಷಗಳೊಳಗೆ ಆಗಿರಬೇಕು. ಸುಟ್ಟ ಗಾಯ, ದೈಹಿಕ ಗಾಯ ಅಥವಾ ಸಹಜವಲ್ಲದ ಸನ್ನಿವೇಶದಲ್ಲಿ ಆಗಿರಬೇಕು. ಗಂಡ ಅಥವಾ ಆತನ ಸಂಬಂಧಿಕರು ಆಕೆಗೆ ಹಿಂಸೆ, ಕಿರುಕುಳ ಕೊಟ್ಟಿರಬೇಕು. ಆ ಕಿರುಕುಳ ವರದಕ್ಷಿಣೆಗೆ ಸಂಬಂಧಿಸಿರಬೇಕು. ಮತ್ತು ಅದು ‘ಸಾವಿಗೆ ಸ್ವಲ್ಪ ಮೊದಲು’ ನಡೆದಿರಬೇಕು. ಇದರಲ್ಲಿ ಒಂದು ಕೊಂಡಿ ಕಳಚಿದರೂ ಪೂರ್ವಭಾವನೆ ಇಲ್ಲ. ಏಳು ವರ್ಷದೊಳಗೆ ಸಾವು ಸಂಭವಿಸಿತು ಎಂಬುದೊಂದೇ ಶಿಕ್ಷೆಗೆ ಸಾಲದು ಎಂದು ಉತ್ತರಾಖಂಡದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಮತ್ತೊಮ್ಮೆ ಹೇಳಿದೆ.

ಮೊದಲ ಎರಡು ಅಂಶಗಳು ಸಾಮಾನ್ಯವಾಗಿ ಕಷ್ಟವಲ್ಲ. ಮದುವೆಯ ದಿನಾಂಕಕ್ಕೆ ಲಗ್ನಪತ್ರಿಕೆ, ಛಾಯಾಚಿತ್ರ, ಸಾಮೂಹಿಕ ವಿವಾಹವಾಗಿದ್ದರೆ ಅದರ ನೋಂದಣಿ ಪುಸ್ತಕ ಸಾಕಾಗುತ್ತದೆ. ಸಾವಿನ ಬಗೆಗೆ ವೈದ್ಯರ ವರದಿ ಇರುತ್ತದೆ.

ವರದಕ್ಷಿಣೆ ಎಂದರೇನು ಎಂಬ ಪ್ರಶ್ನೆ ಅಷ್ಟು ಸುಲಭದ್ದಲ್ಲ. ನಮ್ಮ ಕಡೆ ಆ ಶಬ್ದವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ‘ವರೋಪಚಾರ’ ಎನ್ನುತ್ತಾರೆ, ‘ಅಳಿಯನ ಮರ್ಯಾದೆ’ ಎನ್ನುತ್ತಾರೆ. ಮದುವೆಯಾದ ಮೇಲೆ ಬೋರ್‌ವೆಲ್ ಕೊರೆಸಲು, ಬೈಕ್ ಕೊಳ್ಳಲು, ಮನೆ ಕಟ್ಟಲು ‘ಸ್ವಲ್ಪ ಸಹಾಯ’ ಎನ್ನುತ್ತಾರೆ. ಮನೆಖರ್ಚಿಗೆ ಮತ್ತು ಗೊಬ್ಬರ ಕೊಳ್ಳಲು ಕೇಳಿದ ಹಣ ವರದಕ್ಷಿಣೆಯಲ್ಲ ಎಂದು ಮಹಾರಾಷ್ಟ್ರದ ಅಪ್ಪಾಸಾಹೇಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದ್ದು ಆರೋಪಿಗಳ ಪರ ವಕೀಲರಿಗೆ ದೊಡ್ಡ ಅಸ್ತ್ರವಾಗಿತ್ತು. 2015ರಲ್ಲಿ ಪಂಜಾಬಿನ ರಾಜಿಂದರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಆ ನಿಲುವನ್ನು ಒಪ್ಪಲಿಲ್ಲ. 2022ರ ಜನವರಿಯಲ್ಲಿ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ, ಮನೆ ಕಟ್ಟಲು ಹಣ ತರುವಂತೆ ಒತ್ತಾಯಿಸಿದ್ದೂ ವರದಕ್ಷಿಣೆಯೇ ಎಂದು ತೀರ್ಪಾಯಿತು. ಆ ಪ್ರಕರಣದಲ್ಲಿ ತವರಿನವರ ಬಳಿ ಹಣ ಕೇಳಿದ್ದು ಮೃತ ಮಹಿಳೆಯೇ ಎಂಬ ಕಾರಣಕ್ಕೆ ಹೈಕೋರ್ಟ್ ಆರೋಪಿಗಳನ್ನು ಬಿಡುಗಡೆ ಮಾಡಿತ್ತು. ಗಂಡನ ಮನೆಯ ಒತ್ತಡಕ್ಕೆ ಸಿಕ್ಕಿ ಆಕೆ ಕೇಳಿದ್ದನ್ನು ಆಕೆಯದೇ ಬೇಡಿಕೆ ಎನ್ನಲಾಗದು ಎಂದ ಸುಪ್ರೀಂ ಕೋರ್ಟ್, ಗಂಡ ಮತ್ತು ಮಾವನನ್ನು ಮತ್ತೆ ತಪ್ಪಿತಸ್ಥರೆಂದು ಘೋಷಿಸಿತು.

<b>‘ಸ್ವಲ್ಪ ಮೊದಲು’ ಎಂದರೆ ಎಷ್ಟು ಮೊದಲು?</b>

ಹೆಚ್ಚಿನ ಪ್ರಕರಣಗಳು ಮುಗ್ಗರಿಸುವುದು ಇಲ್ಲಿ. ಕಾನೂನು ಪುಸ್ತಕದಲ್ಲಿ ಇದು ಎರಡೇ ಪದ. ನ್ಯಾಯಾಲಯದಲ್ಲಿ ಇಡೀ ಪಾಟಿ ಸವಾಲು ಇದರ ಸುತ್ತಲೇ ಸುತ್ತುತ್ತದೆ. ಗಂಟೆ, ದಿನ, ತಿಂಗಳುಗಳ ಲೆಕ್ಕ ಇಡಲಾಗದು. ಕಿರುಕುಳಕ್ಕೂ ಸಾವಿಗೂ ನಡುವೆ ಸಮೀಪದ, ಜೀವಂತ ಕೊಂಡಿ ಇರಬೇಕು ಎಂಬುದು 2000ದ ಕನ್ಸ್ ರಾಜ್ ಪ್ರಕರಣದಿಂದ 2021ರ ಸತ್ಬೀರ್ ಸಿಂಗ್ ಪ್ರಕರಣದವರೆಗೆ ಸುಪ್ರೀಂ ಕೋರ್ಟ್ ಹೇಳುತ್ತ ಬಂದಿರುವ ಮಾತು. ಮದುವೆಯ ಸಮಯದಲ್ಲಿ ಎರಡು ತೊಲ ಬಂಗಾರ ಕಡಿಮೆಯಾಯಿತೆಂದು ಜಗಳವಾಗಿ, ಆಮೇಲೆ ನಾಲ್ಕು ವರ್ಷ ಎಲ್ಲವೂ ಸರಿಯಿತ್ತು ಎಂದು ಸಾಕ್ಷಿಯೇ ಒಪ್ಪಿಕೊಂಡರೆ ಕೊಂಡಿ ಕಡಿದಂತೆ. ಅದೇ ಜಗಳ ಪಂಚಮಿ, ದೀಪಾವಳಿಗೆ ಮಗಳು ತವರಿಗೆ ಬಂದಾಗಲೆಲ್ಲ ಮರುಕಳಿಸಿ, ಹಿರಿಯರು ರಾಜಿ ಮಾಡಿಸಿ, ಮತ್ತೆ ಹದಿನೈದು ದಿನಕ್ಕೆ ಫೋನ್ ಬಂದಿದ್ದರೆ ಕೊಂಡಿ ಜೀವಂತ.

ಈ ಕೊಂಡಿಯನ್ನು ತೋರಿಸಬಲ್ಲವರು ತಂದೆ-ತಾಯಿ, ಅಣ್ಣ-ತಮ್ಮಂದಿರು, ನೆರೆಹೊರೆಯವರು ಮತ್ತು ರಾಜಿ ಪಂಚಾಯಿತಿಗೆ ಕುಳಿತ ಹಿರಿಯರು. ಆದರೆ ಮಗಳ ಸಂಸಾರ ಒಡೆಯಬಾರದೆಂಬ ಕಾಳಜಿಯಿಂದ ತವರಿನವರು ಬದುಕಿದ್ದಾಗ ಠಾಣೆಗೆ ಹೋಗಿರುವುದಿಲ್ಲ. ಪಂಚಾಯಿತಿಯ ಮಾತು ಕಾಗದಕ್ಕೆ ಇಳಿದಿರುವುದಿಲ್ಲ. ‘ಇಷ್ಟು ಹಿಂಸೆಯಿದ್ದರೆ ಒಂದು ಅರ್ಜಿಯನ್ನೂ ಏಕೆ ಕೊಡಲಿಲ್ಲ’ ಎಂದು ವಕೀಲರು ಕೇಳಿದಾಗ ಸಾಕ್ಷಿಕಟ್ಟೆಯಲ್ಲಿ ನಿಂತ ತಂದೆಯ ಬಳಿ ಇರುವ ಉತ್ತರ ಒಂದೇ: ಮರ್ಯಾದೆ. ನ್ಯಾಯಾಲಯಗಳು ಈ ಉತ್ತರವನ್ನು ಅರ್ಥ ಮಾಡಿಕೊಂಡಿರುವುದೂ ಉಂಟು, ಸಾಲದೆಂದಿರುವುದೂ ಉಂಟು.

ಇನ್ನೊಂದು ಅಪಾಯ ಹೇಳಿಕೆಯದು. ಅಂತ್ಯಕ್ರಿಯೆಯ ಗಡಿಬಿಡಿಯಲ್ಲಿ ಬರೆಸಿದ ದೂರಿನಲ್ಲಿ ‘ಗಂಡನ ಮನೆಯವರು ತೊಂದರೆ ಕೊಡುತ್ತಿದ್ದರು’ ಎಂದಷ್ಟೇ ಇರುತ್ತದೆ. ಯಾರು, ಯಾವಾಗ, ಎಷ್ಟು ಹಣ ಕೇಳಿದರು, ಯಾರ ಮುಂದೆ ಕೇಳಿದರು ಎಂಬುದು ಇರುವುದಿಲ್ಲ. ವಿಚಾರಣೆಯ ಕಾಲಕ್ಕೆ ಅದೇ ಸಾಕ್ಷಿ ಎಲ್ಲ ವಿವರ ಹೇಳಿದರೆ, ಅದನ್ನು ‘ನಂತರ ಸೇರಿಸಿದ್ದು’ ಎಂದು ತಳ್ಳಿಹಾಕಲು ದಾರಿಯಾಗುತ್ತದೆ. ಪೊಲೀಸರ ಮುಂದೆ ಹೇಳದೆ ಬಿಟ್ಟ ಮಹತ್ವದ ಸಂಗತಿಯನ್ನು ಕಾನೂನು ವಿರೋಧಾಭಾಸವೆಂದೇ ಎಣಿಸಬಲ್ಲದು. ಜೊತೆಗೆ ಅತ್ತೆ, ಮಾವ, ಮೈದುನ, ಬೇರೆ ಊರಿನಲ್ಲಿರುವ ನಾದಿನಿ ಎಲ್ಲರ ಹೆಸರನ್ನೂ ಒಂದೇ ಸಾಲಿನಲ್ಲಿ ಸೇರಿಸಿದರೆ, ನಿಜವಾಗಿ ಹಿಂಸಿಸಿದವನ ಮೇಲಿನ ಆರೋಪವೂ ದುರ್ಬಲವಾಗುತ್ತದೆ. ಇದು ಕಹಿಯಾದರೂ ಹೇಳಲೇಬೇಕಾದ ಮಾತು.

ವರದಕ್ಷಿಣೆ ಕೊಡುವುದೂ ಅಪರಾಧವಾದ್ದರಿಂದ ‘ಕೊಟ್ಟೆವು ಎಂದರೆ ನಮ್ಮ ಮೇಲೂ ಕೇಸಾಗುತ್ತದೆ’ ಎಂಬ ಭಯದಿಂದ ಕೆಲವರು ಮೊತ್ತವನ್ನೇ ಮುಚ್ಚಿಡುತ್ತಾರೆ. ಬಾಧಿತರು ನೀಡುವ ಹೇಳಿಕೆಯ ಆಧಾರದ ಮೇಲೆ ಅವರ ಮೇಲೆಯೇ ಈ ಕಾಯ್ದೆಯಡಿ ಮೊಕದ್ದಮೆ ಹೂಡುವಂತಿಲ್ಲ ಎಂದು ವರದಕ್ಷಿಣೆ ನಿಷೇಧ ಕಾಯ್ದೆಯ 7(3) ಕಲಂ ಹೇಳುತ್ತದೆ.

<b>ಮೊದಲ ದಿನಗಳ ದಾಖಲೆ</b>

ಮದುವೆಯಾದ ಏಳು ವರ್ಷದೊಳಗಿನ ಇಂಥ ಸಾವಿನಲ್ಲಿ ಪೊಲೀಸರ ಪಂಚನಾಮೆಯೊಂದೇ ಸಾಲದು. ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ವಿಚಾರಣೆಯೂ ಆಗಬೇಕು. ನಮ್ಮಲ್ಲಿ ಸಾಮಾನ್ಯವಾಗಿ ತಹಶೀಲ್ದಾರರು ಇದನ್ನು ನಡೆಸುತ್ತಾರೆ. ಶವದ ಮೇಲಿನ ಗಾಯ, ಕೊರಳಿನ ಗುರುತು, ಸ್ಥಳದ ಸ್ಥಿತಿ ಜೊತೆಗೆ ತಂದೆ-ತಾಯಿಯ ಮೊದಲ ಮಾತೂ ಇಲ್ಲಿ ದಾಖಲಾಗುತ್ತದೆ. ಮುಂದೆ ಎಲ್ಲರೂ ಮೊದಲು ತೆರೆದು ನೋಡುವ ಕಾಗದಗಳಲ್ಲಿ ಇದೂ ಒಂದು.

ಸುಟ್ಟ ಗಾಯದ ಪ್ರಕರಣದಲ್ಲಿ ಸಂತ್ರಸ್ತೆಯನ್ನು ಬಳ್ಳಾರಿ ಅಥವಾ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಗಂಟೆಗಳು ಕಳೆದಿರುತ್ತವೆ. ಅಲ್ಲಿ ಆಕೆ ನೀಡುವ ಮರಣಪೂರ್ವ ಹೇಳಿಕೆ ನಂಬಿಕೆಗೆ ಅರ್ಹವಾಗಿದ್ದರೆ ಅದೊಂದರ ಮೇಲೆಯೇ ಶಿಕ್ಷೆ ವಿಧಿಸಬಹುದು. ಆಕೆ ಮಾತನಾಡುವ ಸ್ಥಿತಿಯಲ್ಲಿದ್ದಳು ಎಂಬ ವೈದ್ಯರ ಪ್ರಮಾಣಪತ್ರ ಇಲ್ಲದಿದ್ದ ಮಾತ್ರಕ್ಕೆ ಹೇಳಿಕೆ ಬಿದ್ದುಹೋಗದು ಎಂದು 2002ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ; ದಾಖಲಿಸಿಕೊಂಡವರಿಗೆ ಅದು ಮನವರಿಕೆಯಾಗಿದ್ದರೆ ಸಾಕು. ತೊಡಕಿರುವುದು ಎರಡು ಹೇಳಿಕೆಗಳಿದ್ದಾಗ. ಗಂಡನ ಮನೆಯವರು ಹಾಸಿಗೆಯ ಪಕ್ಕದಲ್ಲಿದ್ದಾಗ ‘ಅಡುಗೆ ಮಾಡುವಾಗ ಬೆಂಕಿ ತಗುಲಿತು’ ಎಂದವಳು, ತಾಯಿ ಬಂದ ಮೇಲೆ ಬೇರೆ ಹೇಳಿದರೆ, ಯಾವುದು ನಿಜ ಎಂಬ ಅನುಮಾನದ ಲಾಭ ಆರೋಪಿಗೆ ಹೋಗುವ ಸಾಧ್ಯತೆಯೇ ಹೆಚ್ಚು.

ಸಾಯುವ ಮುನ್ನ ಮಗಳು ಫೋನಿನಲ್ಲಿ ಹೇಳಿಕೊಂಡ ಕಷ್ಟವೂ ಸಾಕ್ಷ್ಯವಾಗಬಲ್ಲದು. ಸಾವಿಗೆ ಕಾರಣವಾದ ಸನ್ನಿವೇಶದ ಬಗ್ಗೆ ಮೃತರು ಆಡಿದ ಮಾತನ್ನು ಕಾನೂನು ಒಪ್ಪುತ್ತದೆ. 498-ಎ ಆರೋಪಕ್ಕೂ ಇಂಥ ಮಾತು ಕೆಲವು ಷರತ್ತಿಗೊಳಪಟ್ಟು ಸಲ್ಲುತ್ತದೆ ಎಂದು ಕೇರಳದ ಸುರೇಂದ್ರನ್ ಪ್ರಕರಣದಲ್ಲಿ 2022ರಲ್ಲಿ ತೀರ್ಪಾಗಿದೆ. ಮೊಬೈಲ್ ಸಂದೇಶ, ಧ್ವನಿಮುದ್ರಿಕೆ, ಬ್ಯಾಂಕಿನಿಂದ ಅಳಿಯನ ಖಾತೆಗೆ ಹೋದ ಹಣದ ವಿವರಗಳಿದ್ದರೆ ಇನ್ನೂ ಬಲ. ಆದರೆ ವಿದ್ಯುನ್ಮಾನ ದಾಖಲೆಯ ನಕಲಿನ ಜೊತೆ ಕಾನೂನು ಕೇಳುವ ಪ್ರಮಾಣಪತ್ರ ಬೇಕು. ಅದಿಲ್ಲದೆ ಒಳ್ಳೆಯ ಪುರಾವೆಯೂ ನ್ಯಾಯಾಲಯದ ಹೊಸ್ತಿಲಲ್ಲೇ ಉಳಿಯುತ್ತದೆ.

<b>ಆರೋಪ ಹೊರಿಸುವಲ್ಲಿ ತಪ್ಪಿದರೆ</b>

ಕರ್ನಾಟಕದ್ದೇ ಒಂದು ಪ್ರಕರಣ ಈ ವಿಷಯದಲ್ಲಿ ದೇಶಕ್ಕೆಲ್ಲ ಪಾಠವಾಗಿದೆ. ವಕೀಲರು ಮುಲ್ತಾನಿ ಪ್ರಕರಣ ಎಂದು ಕರೆಯುವ ಆ ಮೊಕದ್ದಮೆಯಲ್ಲಿ ಪತ್ನಿಯ ಸಾವಿಗೆ ಸಂಬಂಧಿಸಿ ಗಂಡನ ಮೇಲೆ ಕೊಲೆ ಆರೋಪ ಹೊರಿಸಲಾಗಿತ್ತು, 304-ಬಿ ಇರಲಿಲ್ಲ. ಸತ್ರ ನ್ಯಾಯಾಲಯ ಖುಲಾಸೆಗೊಳಿಸಿತು. ಸರ್ಕಾರದ ಮೇಲ್ಮನವಿಯ ಮೇರೆಗೆ ಹೈಕೋರ್ಟ್, ಕೊಲೆಯ ಬದಲು ವರದಕ್ಷಿಣೆ ಸಾವಿನ ಕಲಮಿನಡಿ ಶಿಕ್ಷೆ ವಿಧಿಸಿತು. 2001ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಕೊಲೆ ಆರೋಪ ಎದುರಿಸುವವನು ಬಾಯಿ ಮುಚ್ಚಿ ಕುಳಿತರೂ ನಡೆದೀತು. ಎಲ್ಲವನ್ನೂ ಅಭಿಯೋಜನೆಯೇ ಸಾಬೀತುಪಡಿಸಬೇಕು. ವರದಕ್ಷಿಣೆ ಸಾವಿನಲ್ಲಿ ಪೂರ್ವಭಾವನೆಯನ್ನು ಅಳಿಸುವ ಹೊರೆ ಆರೋಪಿಯ ಮೇಲಿರುತ್ತದೆ. ಆ ಹೊರೆ ತನ್ನ ಮೇಲಿದೆ ಎಂದು ತಿಳಿಸದೆ ಶಿಕ್ಷಿಸುವುದು ಅನ್ಯಾಯ ಎಂದ ನ್ಯಾಯಾಲಯ, ಸಮರ್ಥಿಸಿಕೊಳ್ಳಲು ಅವಕಾಶ ಕೊಡುವಂತೆ ಪ್ರಕರಣವನ್ನು ವಿಚಾರಣಾ ನ್ಯಾಯಾಲಯಕ್ಕೆ ಮರಳಿ ಕಳುಹಿಸಿತು.

2010ರಲ್ಲಿ ಹರಿಯಾಣದ ರಾಜ್‌ಬೀರ್ ಪ್ರಕರಣದಲ್ಲಿ, 304-ಬಿ ಜೊತೆ ಕೊಲೆ ಆರೋಪವನ್ನೂ ಸಾಮಾನ್ಯವಾಗಿ ಸೇರಿಸಬೇಕೆಂದು ಸುಪ್ರೀಂ ಕೋರ್ಟ್ ಸೂಚಿಸಿತ್ತು. ಕೊಲೆಗೆ ಪುರಾವೆಯಿದ್ದರೆ ಮಾತ್ರ ಹಾಗೆ ಮಾಡಬೇಕೆಂದು 2013ರಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು. ಆರೋಪ ಹೊರಿಸುವ ದಿನ ಯಾವ ಕಲಂಗಳಿವೆ ಎಂದು ಮೃತಳ ಕುಟುಂಬ ಸರ್ಕಾರಿ ಅಭಿಯೋಜಕರನ್ನು ವಿಚಾರಿಸಬಹುದು. ತೀರ್ಪಿಗೆ ಮೊದಲು ಯಾವಾಗ ಬೇಕಾದರೂ ಆರೋಪವನ್ನು ಬದಲಿಸುವ ಅಧಿಕಾರ ನ್ಯಾಯಾಧೀಶರಿಗಿದೆ.

<b>ಖುಲಾಸೆಯಾದ ಮೇಲೆ</b>

ಸತ್ರ ನ್ಯಾಯಾಲಯದ ಖುಲಾಸೆ ತೀರ್ಪಿನ ವಿರುದ್ಧ ಹೈಕೋರ್ಟಿಗೆ ಹೋಗಲು ಎರಡು ಬಾಗಿಲುಗಳಿವೆ. ಒಂದು ಸರ್ಕಾರದ್ದು. ದಂಡ ಪ್ರಕ್ರಿಯಾ ಸಂಹಿತೆಯ 378 (ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 419) ಪ್ರಕಾರ ರಾಜ್ಯ ಸರ್ಕಾರ ಮೇಲ್ಮನವಿ ಸಲ್ಲಿಸಬಹುದು. ಅವಧಿ 90 ದಿನ. ವಿಚಾರಣೆಗೆ ಎತ್ತಿಕೊಳ್ಳಲು ಹೈಕೋರ್ಟಿನ ಅನುಮತಿ ಬೇಕು. ಸರ್ಕಾರಿ ಅಭಿಯೋಜಕರ ಅಭಿಪ್ರಾಯ, ಇಲಾಖೆಯ ಕಡತ, ಆದೇಶ ಇವೆಲ್ಲ ಆಗುವಷ್ಟರಲ್ಲಿ ಅವಧಿ ಮೀರಿ ವಿಳಂಬ ಮನ್ನಾ ಅರ್ಜಿ ಹಾಕುವ ಸಂದರ್ಭಗಳೂ ಉಂಟು.

ಇನ್ನೊಂದು ಬಾಗಿಲು ಸಂತ್ರಸ್ತರದು. ಮೊದಲು ಇದು ಇರಲಿಲ್ಲ. 2009ರ ಡಿಸೆಂಬರ್ 31ರಿಂದ 372ನೇ ಕಲಮಿಗೆ ಸೇರಿದ ಉಪಬಂಧದ ಮೂಲಕ (ಈಗಿನ 413) ಸಂತ್ರಸ್ತರೇ ಖುಲಾಸೆಯ ವಿರುದ್ಧ, ಅಥವಾ ಕಡಿಮೆ ಗಂಭೀರವಾದ ಅಪರಾಧಕ್ಕೆ ಶಿಕ್ಷೆಯಾದುದರ ವಿರುದ್ಧ ಮೇಲ್ಮನವಿ ಸಲ್ಲಿಸುವ ಹಕ್ಕು ಪಡೆದರು. ಇದಕ್ಕೆ ಹೈಕೋರ್ಟಿನ ಅನುಮತಿ ಬೇಕೇ ಬೇಡವೇ ಎಂಬ ಗೊಂದಲವನ್ನು ಬಗೆಹರಿಸಿದ್ದೂ ಕರ್ನಾಟಕದ್ದೇ ಪ್ರಕರಣ. ಮಲ್ಲಿಕಾರ್ಜುನ ಕೊಡಗಲಿ ಎಂಬುವರು ತಮ್ಮ ಮೇಲಿನ ಹಲ್ಲೆ ಪ್ರಕರಣದಲ್ಲಿ ಆರೋಪಿಗಳ ಖುಲಾಸೆಯನ್ನು ಪ್ರಶ್ನಿಸಿದಾಗ, ಹಲ್ಲೆ 2009ರ ಫೆಬ್ರುವರಿಯಲ್ಲಿ ನಡೆದಿದ್ದರಿಂದ ಹೊಸ ಹಕ್ಕು ಸಿಗದೆಂದು ಹೈಕೋರ್ಟ್ ತಿರಸ್ಕರಿಸಿತ್ತು. 2018ರ ಅಕ್ಟೋಬರ್ 12ರಂದು ಸುಪ್ರೀಂ ಕೋರ್ಟ್ ಎರಡು-ಒಂದರ ಬಹುಮತದಿಂದ ಅದನ್ನು ಬದಿಗೊತ್ತಿ, ಖುಲಾಸೆ ಆದೇಶದ ದಿನಾಂಕವೇ ಮುಖ್ಯ, ಸಂತ್ರಸ್ತರಿಗೆ ಯಾರ ಅನುಮತಿಯೂ ಬೇಕಿಲ್ಲ ಎಂದಿತು. ಆ ತೀರ್ಪು ಬರುವ ಹೊತ್ತಿಗೆ ಹಕ್ಕು ಕೇಳಿದ ಮನುಷ್ಯನೇ ಬದುಕಿರಲಿಲ್ಲ.

ವರದಕ್ಷಿಣೆ ಸಾವಿನಲ್ಲಿ ಸಂತ್ರಸ್ತೆ ಇಲ್ಲ. ಆದರೆ ಸಂತ್ರಸ್ತರ ವ್ಯಾಖ್ಯೆಯಲ್ಲಿ ಪೋಷಕರು, ವಾರಸುದಾರರೂ ಸೇರುವುದರಿಂದ ತಂದೆ-ತಾಯಿ ಮುಂದೆ ಬರಬಹುದು. ವಕೀಲರ ಶುಲ್ಕದ ಚಿಂತೆಯಿದ್ದವರು ತಿಳಿಯಬೇಕಾದ ಒಂದು ಸಂಗತಿ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಹಾಗಾಗಿ ಮೇಲ್ಮನವಿಯನ್ನು ತಾಯಿಯ ಹೆಸರಿನಲ್ಲಿ ಸಲ್ಲಿಸುವುದು ಅನುಕೂಲ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿದರೆ ಮುಂದಿನ ದಾರಿ ತಿಳಿಯುತ್ತದೆ. ತೀರ್ಪಿನ ದೃಢೀಕೃತ ನಕಲಿಗೆ ಅದೇ ವಾರ ಅರ್ಜಿ ಹಾಕುವುದು ಒಳ್ಳೆಯದು. ನಕಲು ಪಡೆಯಲು ಹಿಡಿದ ದಿನಗಳನ್ನು ಅವಧಿಯಿಂದ ಕಳೆಯಲಾಗುತ್ತದೆ.

2008ರಲ್ಲಿ ಧಾರವಾಡದಲ್ಲಿ ಹೈಕೋರ್ಟ್ ಸಂಚಾರಿ ಪೀಠ ಆರಂಭವಾಗಿ 2013ರಲ್ಲಿ ಕಾಯಂ ಪೀಠವಾದ ಮೇಲೆ ಈ ಭಾಗದವರಿಗೆ ಬೆಂಗಳೂರಿನ ಅಲೆದಾಟ ತಪ್ಪಿದೆ. ಹರಪನಹಳ್ಳಿಯದು ಮಾತ್ರ ಬೇರೆ ಕಥೆ. 1997ರಿಂದ ದಾವಣಗೆರೆ ಜಿಲ್ಲೆಯಲ್ಲಿದ್ದ ಈ ತಾಲ್ಲೂಕು 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅಲ್ಲಿನ ಹಳೆಯ ಪ್ರಕರಣದ ಕಡತ ಹುಡುಕುವವರು ದಾವಣಗೆರೆಯತ್ತಲೂ ನೋಡಬೇಕಾದೀತು.

<b>ಹೈಕೋರ್ಟ್ ಏನನ್ನು ನೋಡುತ್ತದೆ?</b>

ಮೇಲ್ಮನವಿ ಎಂದರೆ ಮೊಕದ್ದಮೆ ಮೊದಲಿನಿಂದ ನಡೆಯುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಅಪರೂಪಕ್ಕೆ ಹೆಚ್ಚುವರಿ ಸಾಕ್ಷ್ಯ ಪಡೆಯುವ ಅಧಿಕಾರವಿದ್ದರೂ, ಹೈಕೋರ್ಟಿನ ಮೇಜಿನ ಮೇಲಿರುವುದು ಕೆಳ ನ್ಯಾಯಾಲಯದ ಕಡತವೇ. ಅಲ್ಲಿ ಹೇಳದ ಮಾತು ಇಲ್ಲಿಯೂ ಇರುವುದಿಲ್ಲ.

ಖುಲಾಸೆಯ ಮೇಲ್ಮನವಿಗೆ ಇಂದಿಗೂ ಮಾರ್ಗದರ್ಶಿಯಾಗಿರುವುದು 2007ರ ಚಂದ್ರಪ್ಪ ವಿರುದ್ಧ ಕರ್ನಾಟಕ ರಾಜ್ಯ ತೀರ್ಪು. ಕೊಲೆ ಪ್ರಕರಣವೊಂದರಲ್ಲಿ ಬಂದ ಈ ತೀರ್ಪಿನ ಪ್ರಕಾರ ಸಾಕ್ಷ್ಯವನ್ನು ಪೂರ್ತಿಯಾಗಿ ಮರುಪರಿಶೀಲಿಸುವ ಅಧಿಕಾರ ಮೇಲ್ಮನವಿ ನ್ಯಾಯಾಲಯಕ್ಕಿದೆ. ಆದರೆ ಕಾನೂನಿನ ಕಣ್ಣಿನಲ್ಲಿ ಮೊದಲೇ ನಿರಪರಾಧಿಯಾಗಿದ್ದ ಆರೋಪಿಯ ಸ್ಥಾನ ಖುಲಾಸೆಯಿಂದ ಇಮ್ಮಡಿ ಗಟ್ಟಿಯಾಗಿರುತ್ತದೆ. ಒಂದೇ ಸಾಕ್ಷ್ಯದಿಂದ ಎರಡು ಸಮಂಜಸ ತೀರ್ಮಾನಗಳು ಸಾಧ್ಯವಿದ್ದರೆ ಖುಲಾಸೆಯನ್ನು ಕದಲಿಸಬಾರದು. 2023ರಲ್ಲಿ ಕರ್ನಾಟಕದ್ದೇ ಮತ್ತೊಂದು ಪ್ರಕರಣದಲ್ಲಿ, ಎಚ್.ಡಿ. ಸುಂದರ ತೀರ್ಪಿನಲ್ಲಿ, ಇದನ್ನು ಇನ್ನೂ ಬಿಗಿಯಾಗಿ ಹೇಳಲಾಯಿತು: ಅಪರಾಧ ಸಾಬೀತಾಗಿದೆ ಎಂಬ ಒಂದೇ ತೀರ್ಮಾನ ಮಾತ್ರ ಸಾಧ್ಯವಿದ್ದಾಗ ಖುಲಾಸೆಯನ್ನು ರದ್ದುಪಡಿಸಬಹುದು. ಎರಡೂ ಪ್ರಕರಣಗಳಲ್ಲಿ ಹೈಕೋರ್ಟ್ ವಿಧಿಸಿದ್ದ ಶಿಕ್ಷೆ ಸುಪ್ರೀಂ ಕೋರ್ಟಿನಲ್ಲಿ ಉಳಿಯಲಿಲ್ಲ.

ಹಾಗೆಂದ ಮಾತ್ರಕ್ಕೆ ಮೇಲ್ಮನವಿ ವ್ಯರ್ಥವಲ್ಲ. ದಾಖಲೆಯಲ್ಲಿರುವ ಮರಣಪೂರ್ವ ಹೇಳಿಕೆಯನ್ನು ಕೆಳ ನ್ಯಾಯಾಲಯ ಓದದೆ ಬಿಟ್ಟಿದ್ದರೆ, ವರದಕ್ಷಿಣೆ ಎಂಬುದಕ್ಕೆ ತಪ್ಪು ಅರ್ಥ ಕಟ್ಟಿದ್ದರೆ, ಎಲ್ಲ ಅಂಶ ಸಾಬೀತಾದ ಮೇಲೂ ಪೂರ್ವಭಾವನೆಯನ್ನು ಅನ್ವಯಿಸದಿದ್ದರೆ ಮೇಲ್ಮನವಿಗೆ ಬಲವಿದೆ. 304-ಬಿ ಬಿದ್ದರೂ 498-ಎ ನಿಲ್ಲಬಹುದು. ಕ್ರೌರ್ಯಕ್ಕೆ ಪುರಾವೆಯಿದ್ದು ಸಾವಿನ ಕೊಂಡಿ ಮಾತ್ರ ಸಿಗದಿದ್ದಾಗ ಈ ವಾದ ಮುಖ್ಯ. ಸಾಕ್ಷಿಗಳೆಲ್ಲ ಪ್ರತಿಕೂಲವಾಗಿ, ರಾಜಿಯಾಗಿ ಬಿದ್ದ ಪ್ರಕರಣಕ್ಕೆ ಮಾತ್ರ ಧಾರವಾಡದಲ್ಲೂ ಜೀವ ಬರುವುದು ಕಷ್ಟ.

ಖುಲಾಸೆಯಾದ ಆರೋಪಿ ಮೇಲಿನ ನ್ಯಾಯಾಲಯದ ಕರೆಗೆ ಹಾಜರಾಗುವುದಾಗಿ ಬಾಂಡ್ ಬರೆದುಕೊಡಬೇಕು. ಅದರ ಅವಧಿ ಆರು ತಿಂಗಳು. ಹೈಕೋರ್ಟ್ ಖುಲಾಸೆಯನ್ನು ರದ್ದುಪಡಿಸಿ ಹತ್ತು ವರ್ಷ ಅಥವಾ ಹೆಚ್ಚಿನ ಶಿಕ್ಷೆ ವಿಧಿಸಿದರೆ ಆರೋಪಿಗೆ ಸುಪ್ರೀಂ ಕೋರ್ಟಿಗೆ ಹೋಗುವ ಹಕ್ಕು ನೇರವಾಗಿ ದೊರೆಯುತ್ತದೆ.

ಈ ನಡುವೆ ಮದುವೆಯಲ್ಲಿ ಕೊಟ್ಟ ಬಂಗಾರ, ಪಾತ್ರೆ-ಪಡಗದ ಪ್ರಶ್ನೆ ಮರೆತೇಹೋಗಿರುತ್ತದೆ. ಮದುವೆಯಾದ ಏಳು ವರ್ಷದೊಳಗೆ ಸಹಜವಲ್ಲದ ಕಾರಣದಿಂದ ಮಹಿಳೆ ಮೃತಪಟ್ಟರೆ ಅಂಥ ಆಸ್ತಿ ಆಕೆಯ ಮಕ್ಕಳಿಗೆ, ಮಕ್ಕಳಿಲ್ಲದಿದ್ದರೆ ಆಕೆಯ ತಂದೆ-ತಾಯಿಗೆ ಸೇರಬೇಕೆಂದು ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಕಲಂ ಹೇಳುತ್ತದೆ. ಅದು ಗಂಡನಿಗೆ ಸೇರುವುದಿಲ್ಲ.